ಚೀಟಿಯಲ್ಲಿ ಬರೆಯದ ಸೊಪ್ಪು

"ಯಜಮಾನ್ರೇ, ಈಚೆಗೆ ಸೊಪ್ಪು ಏನಾದ್ರೂ ಜಾಸ್ತಿ ತಿಂದ್ರಾ?" ಅಂತ ಕೇಳಿದೆ. ಹೃದಯದ ಕವಾಟ ಬದಲಿಸಿಕೊಂಡು ರಕ್ತ ತೆಳುವಾಗುವ ಮಾತ್ರೆ ನುಂಗುವವರನ್ನು ನಾವು ಮೆಡಿಕಲ್ ಶಾಪಿನವರು ಮಾಮೂಲಾಗಿ ಕೇಳುವ ಪ್ರಶ್ನೆ ಅದು. ಪಾಲಕ್, ನುಗ್ಗೆಸೊಪ್ಪು, ದಂಟು ಇದ್ದಕ್ಕಿದ್ದಂತೆ ಹೆಚ್ಚಾದರೆ ಅದರಲ್ಲಿರುವ ವಿಟಮಿನ್ ಕೆ ಮಾತ್ರೆಯ ಬಲವನ್ನು ತಗ್ಗಿಸುತ್ತದೆ. ಆದರೆ ಅವರ ಕೈಲಿದ್ದ ಲ್ಯಾಬ್ ಚೀಟಿ ಉಲ್ಟಾ ಹೇಳುತ್ತಿತ್ತು. ಅವರಿಗೆ 2.5ರಿಂದ 3.5ರೊಳಗೆ ಇರಬೇಕಾದ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅನ್ನುವ ಅಳತೆ) 5.8 ಆಗಿತ್ತು. ಅಂದರೆ ರಕ್ತ ಬೇಕಾದ್ದಕ್ಕಿಂತ ತೆಳು. ಹಲ್ಲುಜ್ಜಿದರೆ ರಕ್ತ, ಮೊಣಕೈ ಬಾಗಿಲಿಗೆ ತಗುಲಿದ ಕಡೆ ಅಂಗೈಯಗಲ ನೀಲಿ.

ಅವರು ಹಿಂದೆ ಮುಂದೆ ನೋಡಿ ಕೌಂಟರ್ ಮೇಲೆ ಬಾಗಿದರು. "ತಿನ್ನಲಿಲ್ಲ ಕಣಮ್ಮ. ಸೇದಿದೆ."

ಪಾವಗಡದ ಕಡೆ ಭಾವಮೈದುನನ ತೋಟದಲ್ಲಿ ಹದಿನೈದು ದಿನ ಇದ್ದರಂತೆ. ಮಂಡಿನೋವಿಗೆ ಒಳ್ಳೇದು ಅಂತ ಯಾರೋ ಹೇಳಿ ರಾತ್ರಿ ಹೊತ್ತು ಚಿಲುಮೆಯಲ್ಲಿ ಗಾಂಜಾ, ಕೊನೆಕೊನೆಗೆ ಅದೇ ಗಿಡದ ಸೊಪ್ಪನ್ನು ಹಾಲಿನಲ್ಲಿ ಅರೆದು ಭಂಗಿ. "ಸೊಪ್ಪೇ ತಾನೆ? ಮಾತ್ರೆ ಏನಲ್ವಲ್ಲ," ಅಂದರು. ಅವತ್ತೇ ಡಾಕ್ಟರ ಹತ್ತಿರ ಕಳಿಸಿದೆ. ಅವರು ಎರಡು ದಿನದ ಮಾತ್ರೆ ನಿಲ್ಲಿಸಿ, ಮತ್ತೆ ರಕ್ತ ಪರೀಕ್ಷೆ ಮಾಡಿಸಿ, ಡೋಸು ಸರಿಮಾಡಿದರು. ಒಳಗೆ ಎಲ್ಲೂ ರಕ್ತ ಸೋರಿರಲಿಲ್ಲ, ಪುಣ್ಯ.

ತುಮಕೂರಿನಲ್ಲಿ ಬಿ.ಎಚ್. ರಸ್ತೆಯ ಒಂದು ಅಡ್ಡರಸ್ತೆಯಲ್ಲಿ ನಾನು ಹತ್ತೊಂಬತ್ತು ವರ್ಷದಿಂದ ಮೆಡಿಕಲ್ ಶಾಪ್ ನಡೆಸುತ್ತಿದ್ದೇನೆ. ಓದಿದ್ದು ಡಿ.ಫಾರ್ಮ. ಗಾಂಜಾ ಸೇದಿ ಅಂತ ಹೇಳುವವಳಲ್ಲ, ಸೇದುವವರಿಗೆ ಉಪದೇಶ ಮಾಡುವ ಚಪಲವೂ ನನಗಿಲ್ಲ. 1985ರ ಎನ್‌ಡಿಪಿಎಸ್ (ಮಾದಕ ವಸ್ತು ತಡೆ) ಕಾಯ್ದೆ ಪ್ರಕಾರ ಗಾಂಜಾ ಇಟ್ಟುಕೊಳ್ಳುವುದೂ ಅಪರಾಧ, ಸೇದುವುದೂ ಅಪರಾಧ. ಅದು ಎಲ್ಲರಿಗೂ ಗೊತ್ತು. ಗೊತ್ತಿದ್ದೇ ಸೇದುತ್ತಾರೆ, ಗೊತ್ತಿದ್ದೇ ಬಾಯಿ ಮುಚ್ಚಿಕೊಂಡು ಮಾತ್ರೆ ಒಯ್ಯುತ್ತಾರೆ. ನಿದ್ರೆ ಮಾತ್ರೆಗೆ, ಟಿಬಿ ಮಾತ್ರೆಗೆ ನಾವು ಎಚ್1 ರಿಜಿಸ್ಟರ್ ಬರೆಯಬೇಕು. ರೋಗಿಯ ಹೆಸರು, ಡಾಕ್ಟರ ಹೆಸರು, ಎಷ್ಟು ಮಾತ್ರೆ, ಎಲ್ಲಕ್ಕೂ ಕಾಲಂ ಇದೆ. ಈ ಸೊಪ್ಪಿಗೆ ಕಾಲಂ ಇಲ್ಲ. ನಿಮ್ಮ ಮನೆಯಲ್ಲಿ ಮಾತ್ರೆಯನ್ನೂ ನುಂಗಿ ಇದನ್ನೂ ಮುಟ್ಟುವವರು ಇದ್ದರೆ, ಅಥವಾ ನೀವೇ ಅವರಾಗಿದ್ದರೆ, ಆ ಕಾಲಂ ತುಂಬುವುದು ಹೇಗೆ ಅಂತ ಹೇಳುತ್ತೇನೆ.

ಮೊದಲು, ಯಾವ ರೂಪದಲ್ಲಿ ಅಂತ ತಿಳಿಯಿರಿ

"ಗಾಂಜಾ ತಗೋತೀರಾ?" ಅಂತ ಕೇಳಿದರೆ ಅರ್ಧ ಜನ ಇಲ್ಲ ಅನ್ನುತ್ತಾರೆ, ಸುಳ್ಳೂ ಹೇಳಿರುವುದಿಲ್ಲ. ಶಿವರಾತ್ರಿ ರಾತ್ರಿ ಕುಡಿದ ಭಂಗಿ ಅವರ ಲೆಕ್ಕದಲ್ಲಿ ಪ್ರಸಾದ. ಪಾನ್ ಅಂಗಡಿಗಳಲ್ಲಿ 'ಮುನಕ್ಕಾ' ಅಂತ ಸಿಗುವ ಕಪ್ಪು ಗುಳಿಗೆ ಅವರಿಗೆ ಜೀರ್ಣದ ಮಾತ್ರೆ. ವಸಂತನರಸಾಪುರದ ಕಾರ್ಖಾನೆಗಳಲ್ಲಿ ದುಡಿಯುವ ಉತ್ತರದ ಹುಡುಗರು ಕೆಲವರು ಅದನ್ನು ನನ್ನ ಹತ್ತಿರವೇ ಬಂದು ಕೇಳಿದ್ದಾರೆ. ಅದರಲ್ಲಿರುವುದು ಭಂಗಿಯೇ. ಆನ್‌ಲೈನಿನಲ್ಲಿ ತರಿಸುವ 'ವಿಜಯಾ' ಎಣ್ಣೆ ಆಯುರ್ವೇದ. ವಿಜಯಾ ಅಂದರೆ ಸಂಸ್ಕೃತದಲ್ಲಿ ಇದೇ ಗಿಡ ಅಂತ ಬಾಟಲಿ ಹಿಡಿದುಕೊಂಡವರಿಗೇ ಎಷ್ಟೋ ಸಲ ಗೊತ್ತಿರುವುದಿಲ್ಲ. ಮದನಕಾಮೇಶ್ವರಿ ಲೇಹ್ಯದ ಹಳೆಯ ಪಾಕದಲ್ಲೂ ಇದು ಇದೆ. ಆದ್ದರಿಂದ ಒಂದೇ ಪ್ರಶ್ನೆ ಕೇಳಬೇಡಿ. ಸೇದಿದ್ದು, ಕುಡಿದದ್ದು, ನುಂಗಿದ್ದು, ನಾಲಿಗೆ ಕೆಳಗೆ ತೊಟ್ಟು ಹಾಕಿಕೊಂಡದ್ದು, ನಾಲ್ಕನ್ನೂ ಬೇರೆಬೇರೆಯಾಗಿ ಕೇಳಿ.

ರೂಪ ಯಾಕೆ ಮುಖ್ಯ ಅಂದರೆ, ಸೇದಿದ್ದು ಕೆಲವೇ ನಿಮಿಷಕ್ಕೆ ತಲೆಗೇರುತ್ತದೆ, ಎರಡು ಮೂರು ಗಂಟೆಯಲ್ಲಿ ಹೆಚ್ಚುಕಡಿಮೆ ಇಳಿಯುತ್ತದೆ. ಹೊಟ್ಟೆಗೆ ಹೋದದ್ದಕ್ಕೆ ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು. ಆಮೇಲೆ ಆರೆಂಟು ಗಂಟೆ, ಕೆಲವರಿಗೆ ಇನ್ನೂ ಹೆಚ್ಚು ಹೊತ್ತು ಇರುತ್ತದೆ. ನುಂಗಿದ ಟಿಎಚ್‌ಸಿಯನ್ನು (ಅಮಲು ತರುವ ಅಂಶ ಅದು) ಪಿತ್ತಜನಕಾಂಗ ಇನ್ನೊಂದು ರೂಪಕ್ಕೆ ತಿರುಗಿಸುತ್ತದೆ, ಆ ರೂಪಕ್ಕೂ ಅಮಲಿದೆ. ಹಾಲು, ತುಪ್ಪ, ಗಸಗಸೆ, ಬಾದಾಮಿ ಹಾಕಿ ಅರೆಯುತ್ತಾರಲ್ಲ, ಆ ಜಿಡ್ಡಿನ ಜೊತೆ ಅದು ಮೈಗೆ ಇನ್ನೂ ಚೆನ್ನಾಗಿ ಹಿಡಿಯುತ್ತದೆ. "ಏನೂ ಆಗ್ಲಿಲ್ಲ" ಅಂತ ಮುಕ್ಕಾಲು ಗಂಟೆಗೆ ಇನ್ನೊಂದು ಲೋಟ ಕುಡಿದವರೇ ಮಧ್ಯರಾತ್ರಿ ಆಸ್ಪತ್ರೆ ಸೇರುವುದು. ರಾತ್ರಿ ಹತ್ತಕ್ಕೆ ಭಂಗಿ ಕುಡಿದು, ಹನ್ನೊಂದಕ್ಕೆ ದಿನದ ನಿದ್ರೆ ಮಾತ್ರೆ ನುಂಗಿ ಮಲಗಿದರೆ, ಎರಡೂ ಏರುವುದು ಒಂದೇ ಹೊತ್ತಿಗೆ.

ಒಂದೇ ತಕ್ಕಡಿ, ಎರಡು ಚೀಲ

ಕೊಬ್ಬರಿ ಸೀಮೆಯವರಿಗೆ ಇದನ್ನು ಹೀಗೆ ಹೇಳುತ್ತೇನೆ. ತಿಪಟೂರು ಮಾರುಕಟ್ಟೆಯಲ್ಲಿ ನಿಮ್ಮ ಚೀಲ ತೂಗಿ ಆಚೆ ಕಳಿಸಲು ಒಂದೇ ತಕ್ಕಡಿ ಇದೆ ಅಂದುಕೊಳ್ಳಿ. ಇನ್ನೊಬ್ಬ ಇದ್ದಕ್ಕಿದ್ದಂತೆ ನೂರು ಚೀಲ ತಂದು ಅದರ ಮುಂದೆ ಹಾಕಿದರೆ ನಿಮ್ಮದು ಅಲ್ಲೇ ಬೀಳುತ್ತದೆ. ಪಿತ್ತಜನಕಾಂಗದಲ್ಲೂ ಔಷಧಿಗಳನ್ನು ಒಡೆದು ಆಚೆ ಸಾಗಿಸುವ ಕಿಣ್ವಗಳು ಬೆರಳೆಣಿಕೆಯಷ್ಟೇ. ಸಿವೈಪಿ 2ಸಿ9, 2ಸಿ19, 3ಎ4 ಅಂತ ಅವಕ್ಕೆ ಹೆಸರು. ನೀವು ನುಂಗುವ ಮಾತ್ರೆಗಳಲ್ಲಿ ಬಹುಪಾಲು ಹೋಗುವುದು ಈ ತಕ್ಕಡಿಗಳ ಮೇಲೆ. ಗಾಂಜಾದ ಟಿಎಚ್‌ಸಿ, ಸಿಬಿಡಿ (ಅದೇ ಗಿಡದ ಅಮಲಿಲ್ಲದ ಅಂಶ) ಎರಡೂ ಬರುವುದು ಅಲ್ಲಿಗೇ. ಅದರಲ್ಲೂ ಸಿಬಿಡಿ ಬಂದರೆ ತಕ್ಕಡಿಯನ್ನು ಹಿಡಿದುಕೊಂಡು ಬಿಡುವುದೇ ಇಲ್ಲ. ಅಮಲು ಬರಿಸದ್ದರಿಂದ ಅದು ಸಾಧು ಅಂತ ಜನ ನಂಬಿದ್ದಾರೆ. ಔಷಧಿಗಳ ಜೊತೆ ಜಗಳ ಕಾಯುವುದರಲ್ಲಿ ಟಿಎಚ್‌ಸಿಗಿಂತ ಅದೇ ಒಂದು ಕೈ ಮೇಲು.

ರಕ್ತ ತೆಳುವಾಗಿಸುವ ವಾರ್ಫರಿನ್, ಅಸಿನೊಕುಮರಾಲ್ ಎರಡೂ 2ಸಿ9 ದಾರಿಯವು. ಪಾವಗಡದ ಯಜಮಾನರಿಗೆ ಆದದ್ದು ಇದೇ, ಮಾತ್ರೆ ಆಚೆ ಹೋಗದೆ ಮೈಯಲ್ಲಿ ಸೇರಿಕೊಂಡಿತು. ಇಂಥ ಮಾತ್ರೆಯವರು ಭಂಗಿಯನ್ನು ಶುರು ಮಾಡಿದರೂ ಸರಿ, ಬಿಟ್ಟರೂ ಸರಿ, ವಾರದೊಳಗೆ ಐಎನ್‌ಆರ್ ನೋಡಿಸಬೇಕು. ಬಿಟ್ಟಾಗ ಯಾಕೆ ಅಂದರೆ, ಸೇದುತ್ತಿದ್ದಾಗ ಹೊಂದಿಸಿದ ಡೋಸು ಬಿಟ್ಟ ಮೇಲೆ ಸಾಲದೆ ಹೋಗಬಹುದು. ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಿದರೆ ಅದು ಇನ್ನೊಂದು ಕಥೆ. ಸ್ಟೆಂಟ್ ಹಾಕಿಸಿಕೊಂಡವರ ಕ್ಲೊಪಿಡೋಗ್ರೆಲ್ ಇನ್ನೂ ವಿಚಿತ್ರ. ಅದು ಮೈಯೊಳಗೆ ಹೋಗಿ 2ಸಿ19ರಲ್ಲಿ ಬದಲಾದ ಮೇಲೇ ಕೆಲಸಕ್ಕೆ ಬರುವ ಮಾತ್ರೆ. ಸಿಬಿಡಿ ಆ ಬಾಗಿಲು ಹಿಡಿದು ನಿಂತರೆ ಮಾತ್ರೆ ನುಂಗಿದ್ದೂ ದಂಡ ಆಗುವ ಅಪಾಯವಿದೆ.

ನಮ್ಮ ಬೀದಿಯ ಒಬ್ಬ ತಾಯಿ ತನ್ನ ಮಗನಿಗೆ ಸಿಬಿಡಿ ಇರುವ ವಿಜಯಾ ಎಣ್ಣೆ ತರಿಸಿದ್ದಳು. ಹನ್ನೊಂದು ವರ್ಷದ ಹುಡುಗ, ಪಿಟ್ಸ್ ಕಾಯಿಲೆ, ಕ್ಲೊಬಜಾಮ್ ಮತ್ತು ವಾಲ್ಪ್ರೊಯೇಟ್ ಮೇಲಿದ್ದ. ಈ ಎಣ್ಣೆಗೆ ಪಿಟ್ಸ್ ನಿಲ್ಲುತ್ತದೆ ಅಂತ ಫೋನಿನಲ್ಲಿ ವಿಡಿಯೊ ನೋಡಿದ್ದಳು. ವಿಡಿಯೊದ ಮಾತು ಪೂರ್ತಿ ಸುಳ್ಳೇನಲ್ಲ. 2018ರಲ್ಲಿ ಅಮೆರಿಕದಲ್ಲಿ ಶುದ್ಧ ಸಿಬಿಡಿ ಔಷಧಿಗೆ ಮಕ್ಕಳ ಎರಡು ಬಗೆಯ ಕಠಿಣ ಅಪಸ್ಮಾರಕ್ಕೆ ಒಪ್ಪಿಗೆ ಸಿಕ್ಕಿದೆ. ವಿಡಿಯೊದಲ್ಲಿ ಹೇಳದೆ ಬಿಟ್ಟದ್ದು ಇಷ್ಟು: ಸಿಬಿಡಿ ಜೊತೆ ಸೇರಿದರೆ ಕ್ಲೊಬಜಾಮ್ ಒಡೆದು ಬರುವ ಅಂಶ ರಕ್ತದಲ್ಲಿ ಸುಮಾರು ಮೂರು ಪಟ್ಟು ಏರುತ್ತದೆ. ವಾಲ್ಪ್ರೊಯೇಟ್ ಜೊತೆ ಸೇರಿದರೆ ಪಿತ್ತಜನಕಾಂಗಕ್ಕೆ ಪೆಟ್ಟು, ಅದನ್ನು ತೋರಿಸುವ ರಕ್ತಪರೀಕ್ಷೆಯ ಅಂಕಿ ಎಸ್‌ಜಿಪಿಟಿ ಏರುತ್ತದೆ. ಹುಡುಗ ಇಸ್ಕೂಲಿನಲ್ಲಿ ಡೆಸ್ಕಿನ ಮೇಲೆ ತಲೆ ಇಟ್ಟರೆ ಸಂಜೆಯೇ ಎತ್ತುತ್ತಿದ್ದುದು. "ಪಿಟ್ಸ್ ನಿಂತಿದೆ ಅಕ್ಕ, ಮಗ ಹಾಯಾಗಿ ಮಲಗ್ತಾನೆ," ಅಂತ ಅವಳಿಗೆ ಸಂತೋಷ. ಬಾಟಲಿಯನ್ನೂ ಮಾತ್ರೆ ಪಟ್ಟಿಗಳನ್ನೂ ಒಂದೇ ಚೀಲಕ್ಕೆ ಹಾಕಿ ಬೆಂಗಳೂರಿನ ನರರೋಗ ಡಾಕ್ಟರ ಮುಂದೆ ಇಡಲು ಹೇಳಿದೆ. ಅವರು ಬೈಯಲಿಲ್ಲವಂತೆ. ರಕ್ತ ಪರೀಕ್ಷೆ ಬರೆದು, ಎಣ್ಣೆಯನ್ನು ನಿಲ್ಲಿಸುವ ಕ್ರಮ ಹೇಳಿದರು. ನೀವಾಗಿ ನೀವು ಪಿಟ್ಸ್ ಮಾತ್ರೆಯನ್ನಾಗಲಿ ಎಣ್ಣೆಯನ್ನಾಗಲಿ ಒಂದೇ ದಿನಕ್ಕೆ ನಿಲ್ಲಿಸಬೇಡಿ, ಪಿಟ್ಸ್ ತಿರುಗಿ ಬರುತ್ತದೆ.

ಕಿಡ್ನಿ ಕಸಿ ಆಗಿ ಟ್ಯಾಕ್ರೊಲಿಮಸ್ ನುಂಗುವವರಿಗೆ ಒಂದೇ ಮಾತು: ಸೊಪ್ಪನ್ನಾಗಲಿ ಎಣ್ಣೆಯನ್ನಾಗಲಿ ಮುಟ್ಟಲೇ ಬೇಡಿ. ಸಿಬಿಡಿ ಅದರ ಮಟ್ಟವನ್ನು ಏರಿಸುತ್ತದೆ, ಏರಿದರೆ ಹಾಳಾಗುವುದು ಕಷ್ಟಪಟ್ಟು ಪಡೆದ ಅದೇ ಕಿಡ್ನಿ.

ತಕ್ಕಡಿ ತಿರುಗಿಯೂ ಹೊಡೆಯುತ್ತದೆ, ಕೆಲವು ಮಾತ್ರೆಗಳೇ ಗಾಂಜಾ ಆಚೆ ಹೋಗುವುದನ್ನು ತಡೆದು ನಿಲ್ಲಿಸುತ್ತವೆ. ಹುಳುಕಡ್ಡಿಗೆ ಇಟ್ರಾಕೊನಜೋಲ್ ಈಗ ಬೀದಿಬೀದಿಯಲ್ಲಿ ಖರ್ಚಾಗುತ್ತದೆ, ಬೇಸಿಗೆಯಲ್ಲಿ ನನ್ನ ಅಂಗಡಿಯಲ್ಲೇ ದಿನಕ್ಕೆ ಹತ್ತಾರು ಜನ ಕೇಳುತ್ತಾರೆ. ಅದು, ಕೀಟೊಕೊನಜೋಲ್, ಹೊಟ್ಟೆಹುಣ್ಣಿನ ಕಿಟ್‌ನಲ್ಲಿ ಬರುವ ಕ್ಲಾರಿಥ್ರೊಮೈಸಿನ್, ಇವೆಲ್ಲ 3ಎ4 ಅನ್ನು ಅಡ್ಡಗಟ್ಟುತ್ತವೆ. ದಿನಾ ಸೇದುವಷ್ಟೇ ಸೇದಿದರೂ ಹೆಚ್ಚು ಏರಿತು ಅಂತ ಅನ್ನಿಸಿದರೆ ಮಾಲು ಸ್ಟ್ರಾಂಗು ಅಂತ ತಿಳಿಯಬೇಡಿ, ಮಾತ್ರೆ ನೋಡಿ. ಟಿಬಿಯ ರಿಫಾಂಪಿಸಿನ್ ಇದಕ್ಕೆ ತದ್ವಿರುದ್ಧ, ತಕ್ಕಡಿಗಳನ್ನೇ ಹೆಚ್ಚಿಸಿ ಗಾಂಜಾವನ್ನು ಬೇಗ ಸಾಗಹಾಕುತ್ತದೆ. ಆರು ತಿಂಗಳ ಕೋರ್ಸ್ ಮುಗಿದು ಎರಡು ವಾರ ಆಗುವಷ್ಟರಲ್ಲಿ ಆ ಪ್ರಭಾವ ಇಳಿಯುತ್ತದೆ. ಆಗ ಹಳೆಯ ಅಳತೆಯಲ್ಲಿ ಕುಡಿದವನು ನೆಲಕ್ಕೆ ಬೀಳುತ್ತಾನೆ. ಟಿಬಿಯ ಶ್ವಾಸಕೋಶಕ್ಕೆ ಹೊಗೆ ಬೇಕಿತ್ತಾ ಅಂತ ಕೇಳಬೇಡಿ, ನಾನೂ ಕೇಳಿ ಸೋತಿದ್ದೇನೆ.

ನಿದ್ರೆಯ ಮೇಲೆ ನಿದ್ರೆ

ಇಲ್ಲಿ ಕಿಣ್ವದ ಲೆಕ್ಕ ಬೇಕಿಲ್ಲ, ಕೂಡುವುದು ಗೊತ್ತಿದ್ದರೆ ಸಾಕು. ಆಲ್ಪ್ರಜೋಲಾಮ್, ಕ್ಲೊನಜೆಪಾಮ್, ನೈಟ್ರಜೆಪಾಮ್, ಜೋಲ್ಪಿಡೆಮ್ ಮಂಪರು ತರುತ್ತವೆ. ಗಾಂಜಾ ತರುತ್ತದೆ. ನೆಗಡಿಯ ಸಿಟ್ರಿಜಿನ್, ಕ್ಲೋರ್‌ಫೆನಿರಮೈನ್ ಕೂಡ ತರುತ್ತವೆ. ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಅಂತ ನರದ ನೋವಿಗೆ ಕೊಡುವವೂ ಇದೇ ಸಾಲಿನವು. ಒಂದೊಂದೂ ಪರವಾಗಿಲ್ಲ ಅನ್ನಿಸಿದರೂ ಸೇರಿದಾಗ ಎದ್ದು ನಿಂತವನ ಕಾಲು ನಿಲ್ಲುವುದಿಲ್ಲ. ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದ ಮುದುಕರ ಕಥೆಯಲ್ಲಿ ಇದನ್ನು ಯಾರೂ ಸೇರಿಸಿ ಹೇಳುವುದಿಲ್ಲ.

ಟ್ರಮಡಾಲ್, ಟ್ಯಾಪೆಂಟಡಾಲ್, ಕೊಡೀನ್ ಇರುವ ಕೆಮ್ಮಿನ ಸಿರಪ್ ಬೇರೆ ಜಾತಿ. ಅವು ಉಸಿರಾಟವನ್ನೇ ನಿಧಾನ ಮಾಡುವಂಥವು. ಟ್ರಮಡಾಲನ್ನು 2018ರಿಂದ ಎನ್‌ಡಿಪಿಎಸ್ ಕಾಯ್ದೆಯಡಿ ತಂದಿದ್ದಾರೆ. ಚೀಟಿ ಇಲ್ಲದೆ ಬಂದು "ಅಕ್ಕಾ, ನೋವಿನ ಮಾತ್ರೆ ಹತ್ತು ಕೊಡಿ" ಅನ್ನುವ ಹುಡುಗರ ಮುಖ ನೋಡಿಯೇ ಗೊತ್ತಾಗುತ್ತದೆ. ಗಾಂಜಾ ಒಂದರಿಂದಲೇ ಉಸಿರು ನಿಂತು ಸಾಯುವುದು ತೀರ ಅಪರೂಪ. ನಿದ್ರೆ ಮಾತ್ರೆ, ಟ್ಯಾಪೆಂಟಡಾಲ್, ಎಣ್ಣೆ (ವಿಜಯಾ ಅಲ್ಲ, ಮದ್ಯ), ಇವು ಮೂರರಲ್ಲಿ ಎರಡು ಸೇರಿದರೆ ಅಪರೂಪ ಏನಲ್ಲ. ಗಾಂಜಾದ ಅಮಲಿನಲ್ಲಿ ಎಷ್ಟು ನುಂಗಿದೆ ಅನ್ನುವ ಲೆಕ್ಕ ತಪ್ಪುತ್ತದೆ, ಮತ್ತೊಂದು ನುಂಗುತ್ತಾರೆ.

ಮದ್ಯದ ಮಾತು ಬಂತಲ್ಲ. ಎರಡು ಪೆಗ್ ಹಾಕಿ ಮೇಲೆ ಒಂದು ದಮ್ಮು ಎಳೆಯುವುದು ಹುಡುಗರ ಮಾಮೂಲು ಕ್ರಮ. ಹೊಟ್ಟೆಯಲ್ಲಿ ಮದ್ಯ ಇದ್ದಾಗ ಸೇದಿದರೆ ಅದೇ ದಮ್ಮಿನಿಂದ ಟಿಎಚ್‌ಸಿ ರಕ್ತದಲ್ಲಿ ಹೆಚ್ಚು ಮಟ್ಟಕ್ಕೆ ಏರುತ್ತದೆ. ಮುಖ ಬಿಳಿಚಿ, ಬೆವೆತು, ಲೋಕ ಗಿರಗಿರ ತಿರುಗಿ ವಾಂತಿ. ಹಾಗೆ ಅಂಗಾತ ಬಿದ್ದವನಿಗೆ ವಾಂತಿಯೇ ಉಸಿರಿನ ದಾರಿಗೆ ಹೋಗುವ ಅಪಾಯ. ಇನ್ನು ಬೈಕ್. ಒಂದೊಂದರಲ್ಲಿ 'ನಾನು ಓಡಿಸಬಲ್ಲೆ' ಅನ್ನುವವರು ಎರಡು ಸೇರಿದಾಗ ಲೇನೇ ಹಿಡಿಯಲಾರರು. ದೇವರಾಯನದುರ್ಗದ ತಿರುವುಗಳಲ್ಲಿ ಸಂಜೆ ಇಳಿಯುವವರಿಗೆ ಇದನ್ನು ಯಾರು ಹೇಳುತ್ತಾರೋ. ನಾನು ಹೇಳುವ ಲೆಕ್ಕ ಇಷ್ಟೇ: ಸೇದಿದ್ದರೆ ಕಡಿಮೆ ಅಂದರೂ ಆರು ಗಂಟೆ, ಕುಡಿದ ಭಂಗಿಯಾದರೆ ಮಾರನೆಯ ದಿನದವರೆಗೆ ಬೈಕಿನ ಬೀಗದ ಕೈ ಮನೆಯವರ ಕೈಲಿರಲಿ. ಜೊತೆಗೆ ಮದ್ಯವೋ ನಿದ್ರೆ ಮಾತ್ರೆಯೋ ಇದ್ದರೆ ಲೆಕ್ಕ ಹಾಕುವುದೇ ಬೇಡ, ಆ ದಿನ ಬಸ್ಸು.

ಎದೆ

ಸೇದಿದ ಕೆಲವು ನಿಮಿಷಕ್ಕೆ ನಾಡಿ ನಿಮಿಷಕ್ಕೆ 20ರಿಂದ 50 ಬಡಿತ ಹೆಚ್ಚಾಗುತ್ತದೆ. ಎದ್ದು ನಿಂತರೆ ಬಿಪಿ ದಿಢೀರನೆ ಇಳಿಯುತ್ತದೆ. ಬಿಪಿ ಮಾತ್ರೆಯವರಿಗೆ, ಪ್ರಾಸ್ಟೇಟ್‌ಗೆ ಟ್ಯಾಮ್ಸುಲೋಸಿನ್ ನುಂಗುವ ಅಜ್ಜಂದಿರಿಗೆ ಆ ಇಳಿತ ಇನ್ನೂ ಆಳ. ಅಮಿಟ್ರಿಪ್ಟಿಲಿನ್‌ನಂಥ ಹಳೆಯ ಖಿನ್ನತೆ ಮಾತ್ರೆಗಳ ಜೊತೆ ನಾಡಿ ಓಡುವುದು, ಬಾಯಿ ಒಣಗುವುದು, ಗಲಿಬಿಲಿ ಮೂರೂ ಹೆಚ್ಚುತ್ತವೆ. 2001ರಲ್ಲಿ ಅಮೆರಿಕದಲ್ಲಿ ಹೃದಯಾಘಾತವಾಗಿ ಬದುಕಿದ 3,882 ಜನರನ್ನು ಕೇಳಿ ಮಾಡಿದ ಅಧ್ಯಯನ ಒಂದಿದೆ. ಗಾಂಜಾ ಸೇದಿದ ಮೊದಲ ಒಂದು ಗಂಟೆಯಲ್ಲಿ ಅಪಾಯ 4.8 ಪಟ್ಟು ಅಂತ ಬಂತು. ಹಾಗಂತ ಹೆದರಿಸಲು ಈ ಅಂಕಿ ಬಳಸಲಾರೆ, ಯಾಕೆಂದರೆ ಆ ಒಂದು ಗಂಟೆಯೊಳಗೆ ಸೇದಿದ್ದವರು ಒಂಬತ್ತೇ ಜನ. ಆದರೂ ಸ್ಟೆಂಟ್ ಇದ್ದವರು ಆ ಒಂಬತ್ತರಲ್ಲಿ ಒಬ್ಬರಾಗುವ ಆಟ ಆಡುವುದು ಯಾಕೆ?

ಅಂಗಡಿ ಖಾಲಿಯಾಗುವವರೆಗೆ ಕಾದು ಮೆಲ್ಲಗೆ ಕೇಳುವ ನೀಲಿ ಮಾತ್ರೆ, ಸಿಲ್ಡೆನಾಫಿಲ್, ಅದೂ 3ಎ4 ದಾರಿಯದೇ. ಅದಕ್ಕೂ ಎದೆನೋವಿಗೆ ನಾಲಿಗೆ ಕೆಳಗೆ ಇಡುವ ನೈಟ್ರೇಟ್ ಮಾತ್ರೆಗೂ ಬಿಲ್ಕುಲ್ ಆಗಿಬರುವುದಿಲ್ಲ, ಬಿಪಿ ಪಾತಾಳಕ್ಕೆ. ಅದರ ಮೇಲೆ ಗಾಂಜಾ ಬೇರೆ ಅಂದರೆ ಹೃದಯಕ್ಕೆ ಮೂರು ಕಡೆಯಿಂದ ಎಳೆತ. ಈ ಮಾತ್ರೆ ತೆಗೆದುಕೊಂಡವರು ಎದೆನೋವಂತ ಆಸ್ಪತ್ರೆಗೆ ಹೋದರೆ ನಾಚಿಕೆ ಬಿಟ್ಟು ಅದನ್ನೇ ಮೊದಲು ಹೇಳಬೇಕು.

ಬಿಡುವಾಗಲೂ ಹೇಳಿ

ಡಾಕ್ಟರುಗಳೂ ಕೆಲವೊಮ್ಮೆ ಮರೆಯುವ ವಿಷಯ ಇದು. ಬೀಡಿ, ಸಿಗರೇಟು, ಗಾಂಜಾ, ಯಾವುದರ ಹೊಗೆಯಾದರೂ ಅದು ಸಿವೈಪಿ 1ಎ2 ಅನ್ನುವ ಇನ್ನೊಂದು ತಕ್ಕಡಿಯನ್ನು ಚುರುಕು ಮಾಡುತ್ತದೆ. ಉಬ್ಬಸಕ್ಕೆ ನಮ್ಮ ಕಡೆ ಈಗಲೂ ಓಡುವ ಡೆರಿಫಿಲಿನ್‌ನಲ್ಲಿರುವ ಥಿಯೋಫಿಲಿನ್, ಮನೋರೋಗಕ್ಕೆ ಕೊಡುವ ಕ್ಲೊಜಪಿನ್, ಒಲಾಂಜಪಿನ್ ಆ ದಾರಿಯವು. ದಿನವೂ ಹೊಗೆ ಎಳೆಯುವವನಿಗೆ ಮಾತ್ರೆ ಬೇಗ ಕರಗಿ ಹೋಗುವುದರಿಂದ ಡೋಸು ಹೆಚ್ಚಿಟ್ಟಿರುತ್ತಾರೆ. ಇವನು ಹೊಗೆ ಬಿಟ್ಟ ಅನ್ನಿ. ಒಳ್ಳೆಯ ಕೆಲಸವೇ. ಆದರೆ ಕೆಲವೇ ದಿನದಲ್ಲಿ ಅದೇ ಡೋಸು ವಿಪರೀತವಾಗಿ, ಜೊಲ್ಲು ಸುರಿಯುತ್ತಾ, ತೂಗಾಡುತ್ತಾ, ಕೆಲವೊಮ್ಮೆ ಪಿಟ್ಸ್‌ವರೆಗೂ ಹೋಗುತ್ತದೆ. ಹರಕೆ ಹೊತ್ತು ಒಂದೇ ದಿನಕ್ಕೆ ಎಲ್ಲ ಬಿಡುವವರು ಬಿಡುವ ಮುಂಚೆ ಡಾಕ್ಟರಿಗೆ ಒಂದು ಮಾತು ಹಾಕಲಿ.

ಲಿಥಿಯಂ ನುಂಗುವವರಿಗೆ ಇನ್ನೊಂದು ಎಚ್ಚರ. ವರ್ಷಗಟ್ಟಲೆ ದಿನಾ ಸೇದಿದ ಕೆಲವರಿಗೆ ವಾಂತಿಯ ಕಾಯಿಲೆ ಹಿಡಿಯುತ್ತದೆ. ಬೆಳಗ್ಗೆಯಿಂದ ನಿಲ್ಲದ ವಾಂತಿ, ಬಿಸಿನೀರು ಸುರಿದುಕೊಂಡಾಗ ಮಾತ್ರ ಆರಾಮ. ವಾಂತಿಯಿಂದ ನೀರು ಕಳೆದರೆ ಲಿಥಿಯಂ ರಕ್ತದಲ್ಲಿ ವಿಷಮಟ್ಟಕ್ಕೆ ಏರಬಹುದು. ಇದರ ಮದ್ದು ಮತ್ತಷ್ಟು ಸೇದುವುದಲ್ಲ, ಪೂರ್ತಿ ಬಿಡುವುದೇ.

ಸಕ್ಕರೆ ಕಾಯಿಲೆಯವರಿಗೆ ಚಿಕ್ಕದಾಗಿ: ಇನ್ಸುಲಿನ್ ಚುಚ್ಚಿಕೊಂಡು ಅಮಲಿನಲ್ಲಿ ಊಟ ಮರೆತರೆ ಶುಗರ್ ಇಳಿಯುತ್ತದೆ, ಹಸಿವು ಕೆದರಿ ಬೆಲ್ಲದ ಭಂಗಿ ಉಂಡೆ ನಾಲ್ಕು ತಿಂದರೆ ಏರುತ್ತದೆ. ಶುಗರ್ ಇಳಿದಾಗಿನ ನಡುಕ, ಬೆವರು, ಗಲಿಬಿಲಿ ನಶೆಯ ಥರವೇ ಕಾಣುವುದರಿಂದ 'ನಶೆ ಇಳಿಯಲಿ' ಅಂತ ಕಾಯಬೇಡಿ, ಗ್ಲುಕೋಮೀಟರ್ ಚುಚ್ಚಿ ನೋಡಿ. ಜ್ವರಕ್ಕೆ ಅಳತೆ ಮೀರದೆ ನುಂಗುವ ಪ್ಯಾರಸಿಟಮಾಲ್, ಓಆರ್‌ಎಸ್ ಇಂಥವಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಆಪರೇಷನ್ ಟೇಬಲ್

ನನ್ನ ತಮ್ಮನಿಗೆ ಹರ್ನಿಯಾ ಆಪರೇಷನ್ ಆಯಿತು. ಹಿಂದಿನ ದಿನ ಅರಿವಳಿಕೆ ಡಾಕ್ಟರು ಬಂದು ಬೀಡಿ, ಕುಡಿತ, ಬೇರೆ ಏನಾದರೂ ಉಂಟಾ ಅಂತ ಕೇಳಿದರು. ಪಕ್ಕದಲ್ಲಿ ನಮ್ಮಮ್ಮ. ತಮ್ಮ "ಏನೂ ಇಲ್ಲ ಸಾರ್" ಅಂದ. ಟೇಬಲ್ ಮೇಲೆ ಅವನು ಮಲಗಲೇ ಒಲ್ಲ, ನಾಡಿ 130, ಔಷಧಿ ಮೇಲೆ ಔಷಧಿ. ಹೊರಗೆ ಬಂದ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದಾಗ ನಾನೂ ಇಲ್ಲ ಅಂದೆ, ನನಗೆ ಗೊತ್ತೇ ಇರಲಿಲ್ಲ. ಎಂಟು ವರ್ಷದಿಂದ ದಿನಾ ಸೇದುತ್ತಿದ್ದನಂತೆ. ಊರಿಗೆಲ್ಲ ಮಾತ್ರೆಯ ಬುದ್ಧಿ ಹೇಳುವ ಅಕ್ಕ ನಾನು.

ನಿತ್ಯ ಸೇದುವವರಿಗೆ ಅರಿವಳಿಕೆ ಹೆಚ್ಚು ಬೇಕಾಗುತ್ತದೆ. ಕೊಲರಾಡೊದಲ್ಲಿ ಎಂಡೋಸ್ಕೋಪಿಗೆ ಬಂದ 250 ಜನರ ದಾಖಲೆ ನೋಡಿ 2019ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಸೇದುವವರಿಗೆ ಪ್ರೊಪೊಫಾಲ್ (ಅರಿವಳಿಕೆಯ ಒಂದು ಔಷಧಿ) ಉಳಿದವರ ಮೂರು ಪಟ್ಟಿಗೂ ಮಿಗಿಲಾಗಿ ಬೇಕಾಯಿತು. ಆಪರೇಷನ್ ಆದ ಮೇಲೆ ನೋವೂ ಹೆಚ್ಚು ಕಾಣಿಸಿಕೊಳ್ಳಬಹುದು. ಅದಕ್ಕೇ ಅಮೆರಿಕದ ಅರಿವಳಿಕೆ ತಜ್ಞರ ಸಂಘವೊಂದು 2023ರಲ್ಲಿ ಆಪರೇಷನ್‌ಗೆ ಬರುವ ಪ್ರತಿಯೊಬ್ಬರನ್ನೂ ಇದರ ಬಗ್ಗೆ ಕೇಳಲೇಬೇಕು ಅಂತ ಹೇಳಿತು. ನಿಮ್ಮನ್ನು ಕೇಳದಿದ್ದರೂ ನೀವೇ ಹೇಳಿ. ಯಾವಾಗಿನಿಂದ, ದಿನಕ್ಕೆ ಎಷ್ಟು, ಕೊನೆಯದು ಯಾವಾಗ, ಈ ಮೂರು. ಆಪರೇಷನ್ ದಿನ ಬೆಳಗ್ಗೆ ಧೈರ್ಯಕ್ಕೆ ಅಂತ ಒಂದು ದಮ್ಮು ಎಳೆದಿದ್ದರೆ ಅದನ್ನಂತೂ ಮುಚ್ಚಿಡಬೇಡಿ, ಮುಂದೂಡುವುದು ಒಳ್ಳೆಯದೋ ಏನೋ ಅವರು ನೋಡಲಿ.

ಬಾಯಿ ಬಿಡಿಸುವುದು, ಬಾಯಿ ಬಿಡುವುದು

ನಾನು ಮಾಡಿದ ತಪ್ಪನ್ನು ಮೊದಲು ಹೇಳುತ್ತೇನೆ. ಗಾರೆ ಕೆಲಸದ ಒಬ್ಬರು ಕ್ಲೊನಜೆಪಾಮ್ ಚೀಟಿ ತಂದಿದ್ದರು. ಕಣ್ಣು ಕೆಂಪಗಿತ್ತು, ಬಟ್ಟೆಯಲ್ಲಿ ವಾಸನೆ. "ಗಾಂಜಾ ಗೀಂಜಾ ಸೇದ್ತೀರೇನಣ್ಣ?" ಅಂತ ನಾಲ್ಕು ಜನರ ಎದುರು, ಹೆಂಡತಿಯ ಎದುರು, ಜೋರಾಗಿ ಕೇಳಿಬಿಟ್ಟೆ. ಅವರು ಏನು ಹೇಳಿಯಾರು? ಇಲ್ಲ ಅಂದು ಮಾತ್ರೆ ಒಯ್ದರು, ಮತ್ತೆ ನನ್ನ ಅಂಗಡಿಗೆ ಬರಲಿಲ್ಲ. ಮೂರು ವಾರಕ್ಕೆ ಸಾರುವೆಯಿಂದ ಬಿದ್ದು ಕಾಲು ಮುರಿದಿದೆ ಅಂತ ಹೆಂಡತಿ ಹೇಳಿದಳು. ಮಾತ್ರೆಯಿಂದಲೋ ಸೊಪ್ಪಿನಿಂದಲೋ ಬಿಸಿಲಿನಿಂದಲೋ ಗೊತ್ತಿಲ್ಲ. ನಾನು ಕೇಳಿದ ರೀತಿ ಸರಿಯಿರಲಿಲ್ಲ, ಅದು ಗೊತ್ತು.

ಈಗ ಬಿಲ್ಲಿನ ಹಿಂದೆ ಪೆನ್ನಿನಲ್ಲಿ ಬರೆದು ತಿರುಗಿಸಿ ಇಡುತ್ತೇನೆ: 'ಈ ಮಾತ್ರೆ ಮದ್ಯ, ಭಂಗಿ, ಬೇರೆ ನಿದ್ರೆ ಮಾತ್ರೆ ಜೊತೆ ಆಗದು. ಯಾವುದಾದರೂ ಇದ್ದರೆ ಬೆರಳಿಡಿ.' ಜನ ಬೆರಳಿಡುತ್ತಾರೆ. ಮನೆಯಲ್ಲಿ ಕೇಳುವವರೂ ಹೀಗೇ ಮಾಡಿ. ಊಟದ ಹೊತ್ತಲ್ಲಿ ಬೇಡ, ಅತ್ತೆ ಮಾವನ ಎದುರು ಬೇಡ. "ಸೇದ್ತೀಯಾ" ಅಂತ ಶುರು ಮಾಡಬೇಡಿ. "ಈ ಮಾತ್ರೆ ಜೊತೆ ಅದು ಆಗಲ್ವಂತೆ, ಕೊನೆ ಸಲ ಯಾವಾಗ ಆಗಿತ್ತು?" ಅಂದರೆ ಉತ್ತರ ಬರುತ್ತದೆ.

ಡಾಕ್ಟರ ಮುಂದೆ ಹೇಳಬೇಕಾದವರು ಜೊತೆಗೆ ಬಂದವರನ್ನು ಹೊರಗೆ ಕಳಿಸಿ. "ಸಾರ್, ಒಂದು ವಿಷಯ ಒಬ್ಬನೇ ಹೇಳ್ಬೇಕು" ಅಂದರೆ ಸಾಕು, ಅರ್ಥವಾಗುತ್ತದೆ. ಡಾಕ್ಟರು ಪೊಲೀಸರಿಗೆ ಹೇಳಿಬಿಡುತ್ತಾರೆ ಅನ್ನುವ ಭಯ ನಮ್ಮ ಊರಿನಲ್ಲಿ ವಿಪರೀತ. ಚಿಕಿತ್ಸೆಗಾಗಿ ಹೇಳಿದ್ದನ್ನು ಗುಟ್ಟಾಗಿಡುವುದು ಅವರ ವೃತ್ತಿಧರ್ಮ. ಚಟಕ್ಕೆ ಬಿದ್ದವರು ತಾವಾಗಿ ಬಿಡಿಸುವ ಚಿಕಿತ್ಸೆಗೆ ಸೇರಿದರೆ, ಬರೀ ಸೇದಿದ್ದಕ್ಕೆ, ಅಲ್ಪ ಪ್ರಮಾಣ ಇಟ್ಟುಕೊಂಡದ್ದಕ್ಕೆ ಮೊಕದ್ದಮೆಯಿಂದ ರಕ್ಷಣೆ ಕೊಡುವ 64ಎ ಅನ್ನುವ ಕಲಂ ಅದೇ ಎನ್‌ಡಿಪಿಎಸ್ ಕಾಯ್ದೆಯಲ್ಲಿದೆ. ಫೋನಿನಲ್ಲೇ ಮಾತಾಡುವುದಾದರೆ ಟೆಲಿ ಮನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ. ಚಟ ಬಿಡಿಸುವ ಸಹಾಯವಾಣಿ 14446. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನದ ಚಿಕಿತ್ಸೆಗೇ ಪ್ರತ್ಯೇಕ ವಿಭಾಗ ಇದೆ.

ಮನೆಯಲ್ಲಿ ಯಾರಾದರೂ ಹೀಗೆ ಬೆರೆಸಿಕೊಂಡು ಬಿದ್ದರೆ ಮಜ್ಜಿಗೆ, ನಿಂಬೆಹಣ್ಣು, ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ತಲೆ ಮೇಲೆ ಕೊಡಗಟ್ಟಲೆ ತಣ್ಣೀರು ಬೇಡ. ಎಚ್ಚರವಿದ್ದು ಬರೀ ಹೆದರಿದ್ದರೆ ಬೆಳಕು ಕಡಿಮೆ ಮಾಡಿ, ಒಬ್ಬರು ಪಕ್ಕ ಕೂತು, ಇಳಿಯುತ್ತದೆ ಅಂತ ಹೇಳುತ್ತಿರಿ. ಎಬ್ಬಿಸಿದರೆ ಏಳದಿದ್ದರೆ, ಉಸಿರು ನಿಮಿಷಕ್ಕೆ ಹತ್ತಕ್ಕಿಂತ ಕಡಿಮೆ ಇದ್ದರೆ, ತುಟಿ ನೀಲಿಯಾದರೆ, ಎದೆನೋವು, ಪಿಟ್ಸ್, ತಲೆಗೆ ಪೆಟ್ಟು ಇದ್ದರೆ ಎಡಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ. ಗೊರಕೆ ಹೊಡೆಯುತ್ತಾನೆ, ಮಲಗಲಿ ಅಂತ ಬಿಟ್ಟು ಹೋಗಬೇಡಿ. ಸಿಕ್ಕಿಸಿಕ್ಕಿ ಬರುವ ಆ ಗೊರಕೆ ಉಸಿರು ಕಟ್ಟುತ್ತಿರುವ ಸದ್ದಿರಬಹುದು. ಸುತ್ತಮುತ್ತ ಬಿದ್ದ ಖಾಲಿ ಮಾತ್ರೆ ಪಟ್ಟಿ, ಬಾಟಲಿ, ಗುಳಿಗೆ ಪೊಟ್ಟಣ ಎಲ್ಲ ಒಂದು ಕವರಿಗೆ ಹಾಕಿ ಆಂಬುಲೆನ್ಸ್‌ನಲ್ಲಿ ಜೊತೆಗೇ ಒಯ್ಯಿರಿ.

ಇದಕ್ಕೆಲ್ಲ ಮುಂಚೆ ಮಾಡಿಡಬೇಕಾದ್ದು ಒಂದು ಚೀಟಿ. ಅರ್ಧ ಹಾಳೆ ಸಾಕು. ಒಂದು ಕಡೆ ನುಂಗುವ ಮಾತ್ರೆಗಳೆಲ್ಲ, ಎಷ್ಟು ಮಿಲಿಗ್ರಾಂ, ಯಾವ ಹೊತ್ತು. ಹೆಸರು ಬರೆಯಲು ಬಾರದಿದ್ದರೆ ಪಟ್ಟಿಯ ಹಿಂಬದಿ ಫೋಟೊ ತೆಗೆಯಿರಿ, ಅಂಗಡಿಯವರು ಬರೆದುಕೊಡುತ್ತಾರೆ. ನಾಟಿ ಔಷಧಿ, ಕಷಾಯ, ಲೇಹ್ಯವೂ ಅಲ್ಲೇ. ಇನ್ನೊಂದು ಕಡೆ ಮದ್ಯ, ಹೊಗೆಸೊಪ್ಪು, ಭಂಗಿ: ರೂಪ, ಅಳತೆ, ವಾರಕ್ಕೆ ಎಷ್ಟು ಸಲ, ಕೊನೆಯದು ಯಾವಾಗ. ಗಾಂಜಾ ಅಂತ ಬರೆಯಲು ಕೈ ನಡುಗಿದರೆ 'ಸೊಪ್ಪು' ಅಂತಲೇ ಬರೆಯಿರಿ, ಆದರೆ ಡಾಕ್ಟರಿಗೆ ಬಾಯಲ್ಲಿ ಯಾವ ಸೊಪ್ಪು ಅಂತ ಹೇಳಿ, ಪಾಲಕ್ ಅಂದುಕೊಂಡಾರು. ತಿಂಗಳಿಗೊಮ್ಮೆ ತಾರೀಖು ಹಾಕಿ ತಿದ್ದಿ.

ತಮ್ಮನ ಚೀಟಿ ಅವನ ಪ್ಯಾಂಟಿನ ಹಿಂದಿನ ಜೇಬಿನಲ್ಲಿತ್ತು. ನಮ್ಮಮ್ಮ ಎರಡು ಸಲ ಪ್ಯಾಂಟಿನ ಜೊತೆ ಒಗೆದುಹಾಕಿದ ಮೇಲೆ ಈಗ ಆಧಾರ್ ಕಾರ್ಡಿನ ಪ್ಲಾಸ್ಟಿಕ್ ಕವರಿನೊಳಗೆ ಇಟ್ಟುಕೊಂಡಿದ್ದಾನೆ.